ಎರಡೇ ಎಚ್‌ಡಿಎಂಐ ಪೋರ್ಟ್, ನಾಲ್ಕು ಉಪಕರಣ: ಯಾವುದನ್ನು ಎಲ್ಲಿ ಜೋಡಿಸಬೇಕು?

ತೀರ್ಥಹಳ್ಳಿಯ ಸದಸ್ಯೆ: ನಮ್ಮದು 43 ಇಂಚಿನ 4ಕೆ ಟಿವಿ. ಹಿಂಬದಿಯಲ್ಲಿ ಎಚ್‌ಡಿಎಂಐ ಪೋರ್ಟ್ ಇರುವುದು ಎರಡೇ. ಒಂದರ ಪಕ್ಕದಲ್ಲಿ ‘ಎಆರ್‌ಸಿ’ ಎಂದು ಬರೆದಿದೆ. ಸೆಟ್‌ಟಾಪ್ ಬಾಕ್ಸ್ ಮತ್ತು ಸ್ಟ್ರೀಮಿಂಗ್ ಸ್ಟಿಕ್ ಮೊದಲಿನಿಂದಲೂ ಇದ್ದವು. ದೀಪಾವಳಿಗೆ ಸೌಂಡ್‌ಬಾರ್ ಬಂತು, ಈಗ ಮಗನ ಗೇಮ್ ಕನ್ಸೋಲ್ ಬಂದಿದೆ. ಅಂಗಡಿಯಲ್ಲಿ ಕೇಳಿದ್ದಕ್ಕೆ ಒಂದು ಸ್ಪ್ಲಿಟರ್ ಕೊಟ್ಟರು. ಹಾಕಿ ನೋಡಿದರೆ ಪರದೆಯಲ್ಲಿ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ. ಅತ್ತೆಯವರ ಧಾರಾವಾಹಿಯ ಹೊತ್ತಿಗೆ ಒಂದು ವೈರ್ ಕೀಳುವುದು, ಮಗನ ಆಟದ ಹೊತ್ತಿಗೆ ಮತ್ತೊಂದನ್ನು ಕೀಳುವುದು, ಇದೇ ಆಗಿದೆ. ಏನು ಮಾಡಲಿ?

ಉತ್ತರ (ಟಿವಿ ದುರಸ್ತಿ ತಂತ್ರಜ್ಞ): ಎಲ್ಲಕ್ಕಿಂತ ಮೊದಲು, ವೈರ್ ಕಿತ್ತು ಹಾಕುವುದನ್ನು ಇವತ್ತೇ ನಿಲ್ಲಿಸಿ. ಆ ಪುಟ್ಟ ಪೋರ್ಟ್‌ನೊಳಗೆ 19 ಸಂಪರ್ಕಗಳಿವೆ, ಅದನ್ನು ಟಿವಿಯ ಮುಖ್ಯ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಗೋಡೆಗೆ ಒತ್ತಿಕೊಂಡ ಟಿವಿಯ ಹಿಂದೆ ಕೈ ತೂರಿಸಿ ಓರೆಯಾಗಿ ಎಳೆದೂ ಎಳೆದೂ ಪೋರ್ಟ್ ಸಡಿಲವಾದ ಟಿವಿಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಎಷ್ಟೋ ಸಲ ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ನಿಮಗೆ ಕೊಟ್ಟಿರುವುದು ಕೆಟ್ಟ ವಸ್ತುವಲ್ಲ, ಬೇರೆ ಕೆಲಸದ ವಸ್ತು. ಸ್ಪ್ಲಿಟರ್ ಎಂದರೆ ಒಂದೇ ಕಾಲುವೆಯ ನೀರನ್ನು ಎರಡು ಗದ್ದೆಗೆ ಒಡೆದು ಕೊಡುವುದು: ಒಂದು ಸೆಟ್‌ಟಾಪ್ ಬಾಕ್ಸ್, ಎರಡು ಟಿವಿ. ನಿಮಗೆ ಬೇಕಾದದ್ದು ತೂಬು. ಮೂರು ಕಾಲುವೆಗಳಲ್ಲಿ ಒಂದನ್ನು ಮಾತ್ರ ತೆರೆದು ಒಂದೇ ಗದ್ದೆಗೆ ಬಿಡುವಂಥದ್ದು. ಅದರ ಹೆಸರು ಎಚ್‌ಡಿಎಂಐ ಸ್ವಿಚ್. ಅಂಗಡಿಯಲ್ಲಿ ‘ಮೂರು ಇನ್‌ಪುಟ್, ಒಂದು ಔಟ್‌ಪುಟ್’ ಎಂದೇ ಕೇಳಿ. ಎರಡೂ ಪೆಟ್ಟಿಗೆಗಳು ನೋಡಲು ಒಂದೇ ತರಹ ಇರುವುದರಿಂದ ಈ ಗೊಂದಲ ತಪ್ಪುವುದೇ ಇಲ್ಲ.

ಈಗ ಸೌಂಡ್‌ಬಾರ್. ಇದನ್ನು ಸ್ವಿಚ್‌ಗೆ ಜೋಡಿಸಬೇಡಿ. ಉಳಿದ ಮೂರೂ ಟಿವಿಗೆ ಚಿತ್ರ ಕಳಿಸುತ್ತವೆ, ಸೌಂಡ್‌ಬಾರ್ ಮಾತ್ರ ಟಿವಿಯಿಂದ ಧ್ವನಿಯನ್ನು ಪಡೆಯುತ್ತದೆ. ಹಾಗೆ ಧ್ವನಿ ಹಿಂದಕ್ಕೆ ಹರಿಯಲು 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ದಾರಿಯೇ ಎಆರ್‌ಸಿ. ಸಾಮಾನ್ಯ ಸ್ವಿಚ್ ನಡುವೆ ಬಂದರೆ ಆ ದಾರಿ ಮುಚ್ಚಿಹೋಗುತ್ತದೆ. ಟಿವಿಯಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಅದರಲ್ಲೂ ಸೌಂಡ್‌ಬಾರ್ ನಡೆಯುತ್ತದೆ, ಆಗ ಎರಡೂ ಎಚ್‌ಡಿಎಂಐ ಪೋರ್ಟ್‌ಗಳು ನಿಮ್ಮ ಪಾಲಿಗೆ ಉಳಿಯುತ್ತವೆ. ಆದರೆ ಆಪ್ಟಿಕಲ್‌ನಲ್ಲಿ ಡಾಲ್ಬಿ ಅಟ್ಮಾಸ್, ಅಂದರೆ ಸುತ್ತಲಿಂದಲೂ ಮೇಲಿನಿಂದಲೂ ಬಂದಂತೆ ಕೇಳಿಸುವ ಧ್ವನಿ, ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಟಿವಿಯ ರಿಮೋಟಿನಿಂದಲೇ ಸೌಂಡ್‌ಬಾರಿನ ಧ್ವನಿ ಏರಿಸಿ ಇಳಿಸುವ ಅನುಕೂಲ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಮನೆಯಲ್ಲಿ ಹಿರಿಯರಿದ್ದಾರೆ, ಅವರ ಕೈಗೆ ಇನ್ನೊಂದು ರಿಮೋಟ್ ಕೊಡುವುದು ಬೇಡ. ಎಆರ್‌ಸಿ ಪೋರ್ಟನ್ನು ಸೌಂಡ್‌ಬಾರಿಗೇ ಬಿಟ್ಟುಬಿಡಿ. ಉಳಿದ ಪೋರ್ಟಿಗೆ ಸ್ವಿಚ್, ಸ್ವಿಚ್‌ಗೆ ಉಳಿದ ಮೂರು. ಒಮ್ಮೆ ಸೌಂಡ್‌ಬಾರಿನ ಹಿಂಬದಿಯನ್ನೂ ನೋಡಿ. ‘ಎಚ್‌ಡಿಎಂಐ ಇನ್’ ಎಂಬ ಪೋರ್ಟ್ ಇದ್ದರೆ ಒಂದು ಉಪಕರಣವನ್ನು ಅಲ್ಲಿಗೇ ಜೋಡಿಸಬಹುದು.

ಸ್ವಿಚ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ 18 ಜಿಬಿಪಿಎಸ್ (ಮಾಹಿತಿ ಹಾಯುವ ವೇಗ) ಮತ್ತು ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ಎಂದು ಇರಲೇಬೇಕು. ಮೊದಲನೆಯದು ಇಲ್ಲದಿದ್ದರೆ ಸೆಕೆಂಡಿಗೆ 60 ಚೌಕಟ್ಟಿನ 4ಕೆ ಚಿತ್ರ ಸರಿಯಾಗಿ ಹಾಯುವುದಿಲ್ಲ. ಎರಡನೆಯದು ಇಲ್ಲದಿದ್ದರೆ ಸಿನಿಮಾ ಆ್ಯಪ್‌ಗಳ 4ಕೆ ಚಿತ್ರ ಬರುವುದಿಲ್ಲ, ಕೆಲವೊಮ್ಮೆ ಪರದೆಯೇ ಕಪ್ಪಾಗುತ್ತದೆ. ‘ತಾನಾಗಿಯೇ ಬದಲಾಗುತ್ತದೆ’ ಎಂದು ಹೊಗಳುವ ಸ್ವಿಚ್‌ಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಕೆಲವು ಸೆಟ್‌ಟಾಪ್ ಬಾಕ್ಸ್‌ಗಳು ಮಲಗಿದ್ದಾಗಲೂ ಸಂಕೇತ ಕಳಿಸುತ್ತಿರುತ್ತವೆ, ಸ್ವಿಚ್ ಅದಕ್ಕೇ ಅಂಟಿಕೊಳ್ಳುತ್ತದೆ. ಗುಂಡಿ ಅಥವಾ ಪುಟ್ಟ ರಿಮೋಟ್ ಇರುವುದನ್ನೇ ಆರಿಸಿ.

ಇನ್ನೊಂದು ಮಾತು. ನಿಮ್ಮ ಟಿವಿಯಲ್ಲೇ ಆ್ಯಪ್‌ಗಳು ಚೆನ್ನಾಗಿ ಓಡುತ್ತಿದ್ದರೆ ಸ್ಟಿಕ್ ಏಕೆ? ಅದನ್ನು ತೆಗೆದರೆ ಎರಡು ಇನ್‌ಪುಟ್‌ನ ಸ್ವಿಚ್ ಸಾಕು.

ತೀರ್ಥಹಳ್ಳಿಯ ಸದಸ್ಯೆ: ಟಿವಿಯ ಆ್ಯಪ್‌ಗಳು ಬಹಳ ನಿಧಾನ, ಹಾಗಾಗಿ ಸ್ಟಿಕ್ ಬೇಕೇ ಬೇಕು. ನೀವು ಹೇಳಿದಂತಹ ಸ್ವಿಚ್ ತಂದೆವು. ಸೆಟ್‌ಟಾಪ್ ಬಾಕ್ಸ್, ಕನ್ಸೋಲ್ ಎರಡೂ ಚೆನ್ನಾಗಿ ಬರುತ್ತಿವೆ. ಸ್ಟಿಕ್ ಮಾತ್ರ ಅರ್ಧ ಸಿನಿಮಾದಲ್ಲಿ ಆರಿ ಮತ್ತೆ ಮೊದಲಿನಿಂದ ಹತ್ತಿಕೊಳ್ಳುತ್ತದೆ.

ಉತ್ತರ: ಸ್ಟಿಕ್‌ಗೆ ವಿದ್ಯುತ್ತನ್ನು ಟಿವಿಯ ಯುಎಸ್‌ಬಿಯಿಂದ ಕೊಟ್ಟಿದ್ದೀರಿ ಎಂದು ನನ್ನ ಊಹೆ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆ್ಯಂಪಿಯರ್ ಮಾತ್ರ. ಇಂತಹ ಸ್ಟಿಕ್‌ಗಳ ಜೊತೆ ಬರುವ ಅಡಾಪ್ಟರ್ ಸಾಮಾನ್ಯವಾಗಿ 1 ಆ್ಯಂಪಿಯರಿನದು. ಸ್ಟಿಕ್‌ನ ಜೊತೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ. ಸ್ವಿಚ್‌ಗೂ ಸ್ವಂತ ಅಡಾಪ್ಟರ್ ಕೊಟ್ಟಿದ್ದರೆ ಅದನ್ನೂ ಹಾಕಿ, ಡಬ್ಬಿಯಲ್ಲೇ ಬಿಡಬೇಡಿ.

ಶಿರಸಿಯ ಸದಸ್ಯ: ನನ್ನ ಸಮಸ್ಯೆ ಹಳೆಯದು. ತಾಯಿಯವರ ಬಳಿ ಯಕ್ಷಗಾನದ ಡಿವಿಡಿಗಳಿವೆ. ಪ್ಲೇಯರಿನಲ್ಲಿ ಹಳದಿ, ಬಿಳಿ, ಕೆಂಪು ವೈರ್ ಮಾತ್ರ. ಟಿವಿಯಲ್ಲಿ ಹಳದಿ ತೂತೇ ಇಲ್ಲ. ಹಸಿರು, ನೀಲಿ, ಕೆಂಪು, ಆಮೇಲೆ ಬಿಳಿ, ಮತ್ತೊಂದು ಕೆಂಪು ಇವೆ. ಹಸಿರಿಗೆ ಹಳದಿ ಹಾಕಿದೆ, ಚಿತ್ರ ಬಂತು, ಆದರೆ ಕಪ್ಪು ಬಿಳುಪು. ಎಚ್‌ಡಿಎಂಐ ಪರಿವರ್ತಕ ಕೊಳ್ಳಲೇ?

ಉತ್ತರ: ಕೊಳ್ಳಬೇಡಿ, ನೀವು ಹಾಕಿರುವುದು ಸರಿಯಾದ ಜಾಗಕ್ಕೇ. ಆ ಹಸಿರು ತೂತಿಗೆ ಎರಡು ಕೆಲಸ. ಟಿವಿ ಈಗ ‘ಕಾಂಪೊನೆಂಟ್’ ಎಂಬ ಇನ್‌ಪುಟ್‌ನಲ್ಲಿದೆ. ಆ ಪದ್ಧತಿಯಲ್ಲಿ ಹಸಿರು ವೈರ್ ಬೆಳಕನ್ನು ಮಾತ್ರ ತರುತ್ತದೆ, ಬಣ್ಣ ಬರುವುದು ನೀಲಿ ಮತ್ತು ಕೆಂಪಿನಲ್ಲಿ. ಅವು ಖಾಲಿ ಇರುವುದರಿಂದ ಯಕ್ಷಗಾನದ ವೇಷ ಕಪ್ಪು ಬಿಳುಪಾಗಿದೆ. ರಿಮೋಟಿನಲ್ಲಿ ಇನ್‌ಪುಟ್ ಒತ್ತಿ ‘ಎವಿ’ ಆರಿಸಿ, ಬಣ್ಣ ಬರುತ್ತದೆ. ಧ್ವನಿಯ ಕೆಂಪು ವೈರ್ ಬಿಳಿಯ ಪಕ್ಕದ ಕೆಂಪಿಗೇ ಹೋಗಬೇಕು, ನೀಲಿಯ ಪಕ್ಕದ್ದಕ್ಕಲ್ಲ. ನಮ್ಮ ಡಿವಿಡಿಗಳ ಚಿತ್ರವೇ ಸಾಮಾನ್ಯವಾಗಿ 576 ಗೆರೆಗಳದ್ದು. ಅದಕ್ಕಾಗಿ ಒಂದು ಎಚ್‌ಡಿಎಂಐ ಪೋರ್ಟನ್ನು ಖರ್ಚು ಮಾಡಬೇಕಾಗಿಲ್ಲ.

ತೀರ್ಥಹಳ್ಳಿಯ ಸದಸ್ಯೆ: ಅಡಾಪ್ಟರ್ ಬದಲಿಸಿದ ಮೇಲೆ ಸ್ಟಿಕ್ ನಿಂತಿಲ್ಲ, ಧನ್ಯವಾದ. ಆದರೆ ಸ್ವಿಚ್‌ನ ಲೋಹದ ಅಂಚನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಭಯವಾಗುತ್ತಿದೆ.

ಉತ್ತರ: ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಅತಿ ಸಣ್ಣ ಸೋರಿಕೆ ಇರುತ್ತದೆ, ನಾಲ್ಕೈದು ಸೇರಿದಾಗ ಅದು ಬೆರಳಿಗೆ ತಿಳಿಯುತ್ತದೆ. ಆದರೆ ‘ಅಷ್ಟೇ ತಾನೇ’ ಎಂದು ಬಿಡಬೇಡಿ. ಮನೆಯ ಅರ್ತಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಈ ವಾರವೇ ಪರೀಕ್ಷೆ ಮಾಡಿಸಿ. ಜುಮ್ಮೆನ್ನುವುದರ ಬದಲು ಹೊಡೆದಂತೆ ಆದರೆ ಗೋಡೆಯ ಸ್ವಿಚ್ ಆರಿಸಿ, ಯಾವುದನ್ನೂ ಮುಟ್ಟಬೇಡಿ. ಯಾವುದೇ ಎಚ್‌ಡಿಎಂಐ ವೈರ್ ಹಾಕುವ, ತೆಗೆಯುವ ಮೊದಲು ಎಲ್ಲ ಪ್ಲಗ್‌ಗಳನ್ನೂ ಆರಿಸಿ. ಈ ಸೋರಿಕೆಯ ಕಿಡಿಯೇ ಪೋರ್ಟನ್ನು ಸುಡಬಹುದು.

ನಿಮ್ಮದು ಮಲೆನಾಡು. ಗುಡುಗು ಶುರುವಾಗುವ ಮೊದಲೇ ಎಲ್ಲದರ ಪ್ಲಗ್ ಕಿತ್ತಿಡಿ, ಸೆಟ್‌ಟಾಪ್ ಬಾಕ್ಸ್‌ನಿಂದ ಡಿಶ್ ಕೇಬಲನ್ನೂ ತಿರುಗಿಸಿ ಬಿಚ್ಚಿ. ಸಿಡಿಲಿನ ಹೊಡೆತ ಆ ಕೇಬಲಿನಲ್ಲಿ ಇಳಿದರೆ ಬಾಕ್ಸ್‌ನಲ್ಲಿ ನಿಲ್ಲುವುದಿಲ್ಲ. ಈಗ ನಾಲ್ಕೂ ಒಂದಕ್ಕೊಂದು ಜೋಡಿಕೊಂಡಿವೆ, ಸೌಂಡ್‌ಬಾರ್‌ವರೆಗೂ ಹೋಗುತ್ತದೆ.