ಬಶ್ಕೀರ್ ಪದಪಟ್ಟಿ: ಒಂದೇ ಅಕ್ಷರ ಎರಡು ಕಡೆ ಸಾರ್ಟ್ ಆಗ್ತಿದೆ!

ಪದಪೆಟ್ಟಿಗೆ:
ಮೂರು ದಿನದಿಂದ ತಲೆ ಚಿಟ್ಟುಹಿಡಿದಿದೆ. ರಷ್ಯಾದ ಬಶ್ಕೀರ್ ಭಾಷೆಯ ಪದಪಟ್ಟಿಯನ್ನ ಸ್ಪ್ರೆಡ್‌ಶೀಟಲ್ಲಿ ಮಾಡ್ತಿದ್ದೀನಿ, ಲಿಪಿ ಸಿರಿಲಿಕ್ (ರಷ್ಯನ್ ಬರೆಯೋ ಲಿಪಿ). ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಸಾರ್ಟ್ ಕೊಟ್ಟರೆ ಬಶ್ಕೀರ್ 'ಹ'ದಿಂದ ಶುರುವಾಗೋ, ಹಾಲು, ನೀರು ಅನ್ನೋ ಅರ್ಥದ ಪದಗಳು ಪಟ್ಟಿಯ ಮೇಲ್ತುದಿಗೆ, 'ಆ'ಗಿಂತ ಮೇಲೆ. ಅದೇ ಅಕ್ಷರದ 'ಪ್ರಶ್ನೆ' ಮಾತ್ರ ಕೆಳಗೆ, 'ಖ' ಮುಗಿದ ಮೇಲೆ. ಬಾಲ ಇರೋ 'ಕ' ಅಕ್ಷರ ಹುಡುಕಿದರೆ ಹಕ್ಕಿ ಸಿಗುತ್ತೆ, ಹಿಮ ಸಿಗಲ್ಲ. (ಇಲ್ಲಿ ಸಿರಿಲಿಕ್ ಹಾಕಿದರೆ ಪ್ರಶ್ನೆ ಚಿಹ್ನೆ ಬರ್ತಿದೆ, ಅದಕ್ಕೇ ಅರ್ಥ ಬರೆದಿದ್ದೀನಿ.)

ಲಿಪಿಹುಳ:
ಫಾಂಟ್ ಸಮಸ್ಯೆ. ಡೆಜಾವು ಸಾನ್ಸ್ ಹಾಕಿ.

ಕೋಡುಬಳೆ:
ಫಾಂಟಿಗೂ ಸಾರ್ಟಿಗೂ ಏನು ಸಂಬಂಧ ಸ್ವಾಮಿ? ಟೈಪ್ ಮಾಡಿದ್ದು ಯಾವ ಲೇಔಟಲ್ಲಿ?

ಲಿಪಿಹುಳ:
ನುಡಿ, ಬರಹದ ಕಾಲದಲ್ಲಿ ಎಲ್ಲಾ ಫಾಂಟಿನದೇ ಗೋಳಾಗಿತ್ತು.

ಕೋಡುಬಳೆ:
ಅದು ಆಸ್ಕಿ ಕಾಲ. ಇದು ಯೂನಿಕೋಡ್, ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ.

ಪದಪೆಟ್ಟಿಗೆ:
ಫಾಂಟ್ ಬದಲಿಸಿದೆ, ಅದೇ ಕಥೆ. ಲೇಔಟಾ? ಫೋನಲ್ಲಿ ಕಝಕ್, ಲ್ಯಾಪ್‌ಟಾಪಲ್ಲಿ ರಷ್ಯನ್. ಅದರಲ್ಲಿ ಇಲ್ಲದ್ದಕ್ಕೆ ಇಂಗ್ಲಿಷ್ ಕೀ ಒತ್ತಿದೆ. ಕೆಲವು ವೆಬ್‌ನಿಂದ ಕಾಪಿ.

ಕೋಡುಬಳೆ:
ಇದನ್ನ ಮೊದಲೇ ಹೇಳಬಾರದಿತ್ತಾ ಮಾರಾಯ! ನೋಡೋಕೆ ಒಂದೇ ಥರ ಇರೋ ಬೇರೆ ಬೇರೆ ಅಕ್ಷರ ಬೆರೆತಿವೆ. ಪಕ್ಕದ ಕಾಲಮ್ಮಿನಲ್ಲಿ ಯೂನಿಕೋಡ್ ಫಂಕ್ಷನ್ ಹಾಕು, ಮೊದಲ ಅಕ್ಷರದ ಸಂಖ್ಯೆ ಬರುತ್ತೆ. ಬಶ್ಕೀರ್ 'ಹ' 1211, ಇಂಗ್ಲಿಷ್ ಹೆಚ್ 104. ಬಶ್ಕೀರ್ 'ಕ' 1185, ಕಝಕ್‌ದು 1179. ಬಾಲದ 'ಸ' 1195 ಇರಬೇಕು, 231 ಬಂದರೆ ಅದು ಲ್ಯಾಟಿನ್.

ಬಾಲಂಗೋಚಿ:
'ಹ'ಕ್ಕೆ ಇನ್ನೂ ಸುಲಭ: ಅಪ್ಪರ್ ಫಂಕ್ಷನ್. ಅಸಲಿ ಅಕ್ಷರ ದೊಡ್ಡದಾದರೂ ಕುರ್ಚಿ ಆಕಾರವೇ. ನಕಲಿ ಏಣಿ ಆಗಿಬಿಡುತ್ತೆ. ಪದದ ನಡುವೆ ಇದ್ದರೂ ಗೊತ್ತಾಗುತ್ತೆ.

ಕೋಡುಬಳೆ:
ನಕಲಿ ಅಕ್ಷರದ ಜಾಗಕ್ಕೆ ಅಸಲಿ ರಿಪ್ಲೇಸ್ ಮಾಡುವಾಗ ಬಶ್ಕೀರ್ ಕಾಲಮ್ ಮಾತ್ರ ಸೆಲೆಕ್ಟ್ ಮಾಡು, 'ಕರೆಂಟ್ ಸೆಲೆಕ್ಷನ್ ಓನ್ಲಿ', 'ಮ್ಯಾಚ್ ಕೇಸ್' ಎರಡಕ್ಕೂ ಟಿಕ್ ಹಾಕು. ಆಮೇಲೂ ತಲೆಕೆಳಗಾದ 'ಎ' ಥರದ ಸ್ವರ 'ಆ' ಪಕ್ಕ ಕೂರುತ್ತೆ; ಯೂನಿಕೋಡಿನ ಸಾಮಾನ್ಯ ಕ್ರಮ ಹಾಗೆ. ಬಶ್ಕೀರ್ ವರ್ಣಮಾಲೆಯ 42 ಅಕ್ಷರಗಳಲ್ಲಿ ಅದು 40ನೆಯದು. ಪೈಥಾನ್‌ನಲ್ಲಿ ಪ್ರತಿ ಅಕ್ಷರಕ್ಕೆ 01ರಿಂದ 42ರವರೆಗೆ ಎರಡಂಕಿ ಕೊಟ್ಟು ಜೋಡಿಸು, ಆ ಕಾಲಮ್ ಟೆಕ್ಸ್ಟ್ ಆಗಿರಲಿ, ಅದರ ಮೇಲೆ ಸಾರ್ಟ್ ಕೊಡು. ಬಾಲದ 'ಕ' 15, 'ಹ' 31.

ಲಿಪಿಹುಳ:
1940ರಲ್ಲಿ ಸಿರಿಲಿಕ್‌ಗೆ ಹೋಗದೆ ಲ್ಯಾಟಿನ್ನೇ ಇಟ್ಟುಕೊಂಡಿದ್ದರೆ ಇದೆಲ್ಲಾ ಇರ್ತಿರಲಿಲ್ಲ.

ಬಾಲಂಗೋಚಿ:
ಆ ಲ್ಯಾಟಿನ್ ಲಿಪಿ ಯಾನಲಿಫ್‌ನಲ್ಲೂ ಸಿರಿಲಿಕ್‌ನ ಮೃದುಚಿಹ್ನೆ ಅನ್ನೋ ಅಕ್ಷರದಂತೆಯೇ ಕಾಣೋ ಸ್ವರ ಇತ್ತು. ಗೋಳು ಅಲ್ಲೂ ತಪ್ಪಲ್ಲ.

ಲಿಪಿಹುಳ:
ನನ್ನ ಮೆಕ್ಯಾನಿಕಲ್ ಕೀಬೋರ್ಡಲ್ಲಿ ರಷ್ಯನ್‌ನಲ್ಲಿಲ್ಲದ 9 ಅಕ್ಷರಕ್ಕೂ ಬೇರೆ ಕೀಕ್ಯಾಪ್ ಇದೆ. ಫೋಟೋ ಹಾಕ್ಲಾ?

ಪದಪೆಟ್ಟಿಗೆ:
ಹಾಲು, ನೀರು, ಪ್ರಶ್ನೆ ಒಟ್ಟಿಗೆ ಬಂದವು! ಆದರೆ ಟಿಕ್ ಮರೆತೆ, ಇಂಗ್ಲಿಷ್ ಅರ್ಥದ ಕಾಲಮ್ಮಿನ ಹೆಚ್ಚೆಲ್ಲಾ ಬಶ್ಕೀರ್ ಆಗಿವೆ.

ಕೋಡುಬಳೆ:
ಕಂಟ್ರೋಲ್ ಝಡ್.

ಪದಪೆಟ್ಟಿಗೆ:
ಸೇವ್ ಮಾಡಿ ಫೈಲ್ ಮುಚ್ಚಿದ್ದೆ.