ಅಪ್‌ಡೇಟ್: ಟ್ರ್ಯಾಕ್ಟರ್‌ನ ಎಂಜಿನ್ ಆಯಿಲ್‌ಗೆ ನೀರು ಸೇರುತ್ತಿದ್ದುದು ಲೈನರ್‌ನ ಬುಡದಿಂದ

ನನ್ನ ಹಳೆಯ 3 ಸಿಲಿಂಡರ್ ಡೀಸೆಲ್ ಟ್ರ್ಯಾಕ್ಟರ್‌ನ ರೇಡಿಯೇಟರ್ ನೀರು ದಿನೇ ದಿನೇ ಇಳಿಯುತ್ತಿದೆ, ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದೆ, ಆದರೂ ಬಿಳಿ ಹೊಗೆ ಬರುತ್ತಿಲ್ಲ ಎಂದು ಕೇಳಿದ್ದೆ. ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್‌ಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ ಎಂಬುದೇ ಹೆಚ್ಚಿನವರ ಅಭಿಪ್ರಾಯವಾಗಿತ್ತು. ಹೆಡ್ ಬಿಚ್ಚುವ ಮೊದಲು ಎಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಕಳಚಿ ಕೆಳಗಿನಿಂದ ನೋಡಿ ಎಂದವರಿಗೆ ನಾನು ಋಣಿ.

ರೇಡಿಯೇಟರ್‌ಗೆ ಕೈಪಂಪಿನಿಂದ ಹದವಾಗಿ ಗಾಳಿಯ ಒತ್ತಡ ಕೊಟ್ಟು, ಟಾರ್ಚ್ ಹಿಡಿದು ಕಾದಾಗ, ಸುಮಾರು ಅರ್ಧ ಗಂಟೆಯ ನಂತರ 2ನೇ ಸಿಲಿಂಡರ್‌ನ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಬುಡದಿಂದ ನೀರು ತೊಟ್ಟಿಕ್ಕತೊಡಗಿತು. ಲೈನರ್‌ನ ಹೊರಮೈಯನ್ನೇ ನೀರು ಸುತ್ತುವರಿದಿರುವ ಇಂತಹ ಎಂಜಿನ್‌ನಲ್ಲಿ ನೀರು ಆಯಿಲ್‌ಗೆ ಇಳಿಯದಂತೆ ತಡೆಯುವುದು ಬುಡದ ರಬ್ಬರ್ ರಿಂಗ್. ಅದು ಗಟ್ಟಿಯಾಗಿ ಸೀಳಿತ್ತು. ನೀರು ಡೀಸೆಲ್ ಉರಿಯುವ ಜಾಗಕ್ಕೆ ಹೋಗದೆ ನೇರವಾಗಿ ಚೇಂಬರ್‌ಗೆ ಇಳಿಯುತ್ತಿದ್ದುದರಿಂದಲೇ ಬಿಳಿ ಹೊಗೆ ಕಾಣಿಸಿರಲಿಲ್ಲ.

ಮೂರೂ ಲೈನರ್‌ಗಳನ್ನು ಹೊರತೆಗೆದು, ಬ್ಲಾಕಿನಲ್ಲಿ ರಿಂಗ್ ಕೂರುವ ಜಾಗದ ತುಕ್ಕನ್ನು ಉಜ್ಜಿ ತೆಗೆದು ಹೊಸ ರಿಂಗ್‌ಗಳನ್ನು ಹಾಕಿದೆ. ಒಂದು ಲೈನರ್‌ನ ಹೊರಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಂಡಿದ್ದರಿಂದ ಅದನ್ನು ಪಿಸ್ಟನ್ ರಿಂಗ್‌ಗಳ ಸಮೇತ ಬದಲಿಸಿದೆ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ಬೇಗ ತಿಂದುಹಾಕುವುದರಿಂದ ಅವುಗಳನ್ನೂ ಬಿಚ್ಚಿ ನೋಡಿದೆ. ಪುಣ್ಯಕ್ಕೆ ಗೀರು ಇರಲಿಲ್ಲ. ಹೆಡ್‌ಗೆ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಮಧ್ಯದಿಂದ ಹೊರಕ್ಕೆ, 3 ಹಂತಗಳಲ್ಲಿ ಟಾರ್ಕ್ ವ್ರೆಂಚ್‌ನಿಂದ ಬಿಗಿದೆ.

ಈಗ 20 ಗಂಟೆ ಓಡಿದೆ. ರೇಡಿಯೇಟರ್ ನೀರು ಇಳಿದಿಲ್ಲ, ಡಿಪ್‌ಸ್ಟಿಕ್ ಮೇಲಿನ ಆಯಿಲ್ ತಿಳಿಯಾಗಿದೆ. ಒಳಗೆ ಉಳಿದಿರಬಹುದಾದ ತೇವ ಹೋಗಲೆಂದು ಈ ವಾರವೇ ಆಯಿಲನ್ನೂ ಫಿಲ್ಟರನ್ನೂ ಮತ್ತೊಮ್ಮೆ ಬದಲಿಸಲಿದ್ದೇನೆ.