ಒಂದೇ ಕೈಯಲ್ಲಿ ಬ್ರಾ ತೊಡುವುದು ಹೇಗೆ? ಕೇಳಿದವರಿಗೆ ಅನುಭವಸ್ಥರ ಉತ್ತರಗಳು

ಪ್ರಶ್ನೆ, ದಾವಣಗೆರೆಯಿಂದ:

ನನ್ನ ತಾಯಿಗೆ 61 ವರ್ಷ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದೆ. ಈಗ ಕೋಲೂರಿ ನಡೆಯುತ್ತಾರೆ, ಊಟ ತಾವೇ ಮಾಡುತ್ತಾರೆ. ಆದರೆ ಬ್ರಾದ ಹುಕ್ಕು ಹಾಕಿಸಿಕೊಳ್ಳಲು ದಿನವೂ ನನ್ನನ್ನೋ ಅತ್ತಿಗೆಯನ್ನೋ ಕರೆಯಬೇಕಾಗಿರುವುದು ಅವರಿಗೆ ಬಹಳ ಮುಜುಗರ ತಂದಿದೆ. ಈಚೆಗೆ ಅದನ್ನು ಬಿಟ್ಟೇಬಿಟ್ಟಿದ್ದಾರೆ, ಯಾರಾದರೂ ಬಂದರೆ ಒಳಗಿನ ಕೋಣೆ ಸೇರಿಬಿಡುತ್ತಾರೆ. ಮುಂದೆ ಹುಕ್ಕಿರುವ ಬ್ರಾ ತಂದುಕೊಟ್ಟೆ, ಅದೂ ಕೈಹಿಡಿಯಲಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:

ನನಗೂ ಆರು ವರ್ಷಗಳ ಹಿಂದೆ ಎಡಭಾಗಕ್ಕೇ ಲಕ್ವ ಹೊಡೆದಿತ್ತು. ಆದ್ದರಿಂದ ತಾವು ತಂದ ಬ್ರಾ ಏಕೆ ಉಪಯೋಗಕ್ಕೆ ಬರಲಿಲ್ಲವೆಂದು ಊಹಿಸಬಲ್ಲೆ. ಮುಂದೆ ತೆರೆಯುವ ಬ್ರಾ ಒಳ್ಳೆಯದೇ, ಆದರೆ ಅದು ಭುಜ ಹಿಂದಕ್ಕೆ ತಿರುಗದಿದ್ದರೂ ಎರಡೂ ಕೈಗಳ ಬೆರಳು ಚೆನ್ನಾಗಿ ಆಡುವವರಿಗೆ ಒಳ್ಳೆಯದು. ಎರಡು ಅಂಚುಗಳನ್ನು ಎದುರುಬದುರು ಎಳೆದು ಹುಕ್ಕು ಸೇರಿಸಲು ಎರಡು ಕೈ ಬೇಕೇಬೇಕು. ಒಂದು ಕೈ ಮಾತ್ರ ಇರುವವರಿಗೆ ಹಿಂದೆ ಹುಕ್ಕಿರುವ ಸಾಮಾನ್ಯ ಬ್ರಾ ಎಷ್ಟೋ ವಾಸಿ ಎಂದರೆ ತಮಗೆ ಆಶ್ಚರ್ಯವಾಗಬಹುದು.

ನನಗೆ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ತರಬೇತಿ ಕೊಡುವವರು, ಕಲಿಸಿಕೊಟ್ಟ ರೀತಿ ಇದು. ಪಾದಗಳೆರಡೂ ನೆಲಕ್ಕೆ ತಾಗುವಂತೆ, ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಲಂಗ ಉಟ್ಟು ಕುಳಿತುಕೊಳ್ಳಬೇಕು. ಕಪ್ಪುಗಳು ಬೆನ್ನ ಕಡೆಗೂ ಹುಕ್ಕಿನ ತುದಿಗಳು ಹೊಟ್ಟೆಯ ಕಡೆಗೂ ಬರುವಂತೆ ಪಟ್ಟಿಯನ್ನು ಸೊಂಟಕ್ಕೆ ಸುತ್ತಿ, ಒಂದು ತುದಿಯನ್ನು ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಲಂಗದ ಸೊಂಟಪಟ್ಟಿಗೆ ಕಚ್ಚಿಸಬೇಕು. ಆ ತುದಿ ಅಲ್ಲಾಡದೆ ನಿಂತಿರುವುದರಿಂದ ಇನ್ನೊಂದು ತುದಿಯನ್ನು ಒಳ್ಳೆಯ ಕೈಯಿಂದ ತಂದು, ಕಣ್ಣಿಗೆ ಕಾಣುತ್ತಿರುವಂತೆಯೇ ಹುಕ್ಕು ಹಾಕಿಕೊಳ್ಳಬಹುದು. ಆಮೇಲೆ ಕ್ಲಿಪ್ಪು ತೆಗೆದು, ಪಟ್ಟಿಯನ್ನು ಸುತ್ತ ತಿರುಗಿಸಿ ಕಪ್ಪುಗಳನ್ನು ಮುಂದಕ್ಕೆ ತಂದುಕೊಂಡು, ಮೊದಲು ಬಲಹೀನವಾದ ಕೈಗೆ ಭುಜಪಟ್ಟಿಯನ್ನು ಮೊಣಕೈ ದಾಟುವವರೆಗೆ ಏರಿಸಿ, ಅನಂತರವೇ ಒಳ್ಳೆಯ ಕೈಯನ್ನು ತೂರಿಸಬೇಕು. ಕಳಚುವಾಗ ಇದೇ ಕ್ರಮ ತಿರುಗಮುರುಗ: ಒಳ್ಳೆಯ ಕೈ ಮೊದಲು, ಸ್ವಾಧೀನವಿಲ್ಲದ ಕೈ ಕೊನೆಗೆ. ಆ ಕೈಯನ್ನು ಯಾರೂ ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಲೂಬಾರದು. ಲಕ್ವದ ನಂತರ ಭುಜದ ಕೀಲು ಸಡಿಲಗೊಂಡಿರುವುದರಿಂದ ಅಲ್ಲಿ ನೋವು ಹುಟ್ಟಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಮೂರು ಮಾತು. ತಂತಿ ಇರುವುದು ಬೇಡ. ಪಟ್ಟಿ ಸುತ್ತ ತಿರುಗಬೇಕಾದ್ದರಿಂದ ಬಿಗಿಯಾದ ಅಳತೆ ಬೇಡ. ಈಗಿರುವ ಬ್ರಾವೇ ಬಿಗಿಯಾಗಿದ್ದರೆ ಅಂಗಡಿಯಲ್ಲಿ ಸಿಗುವ ಹುಕ್ಕಿನ ಜೋಡುಪಟ್ಟಿಯನ್ನು ಸೇರಿಸಿದರೆ ಸಾಕು. ಇಳಿಬಿದ್ದ ಭುಜದಿಂದ ಭುಜಪಟ್ಟಿ ಜಾರುತ್ತಲೇ ಇರುತ್ತದೆ, ಅದಕ್ಕೆ ಬೆನ್ನ ಮೇಲೆ ಎರಡೂ ಭುಜಪಟ್ಟಿಗಳ ನಡುವೆ ಅಡ್ಡಲಾಗಿ ಒಂದು ತುಂಡು ಎಲಾಸ್ಟಿಕ್ ಹೊಲಿಸಿ. ಅಂದ ಹಾಗೆ, ಲಂಗದ ಲಾಡಿಯನ್ನು ಒಂದೇ ಕೈಯಲ್ಲಿ ಕಟ್ಟುವುದು ಬ್ರಾ ಹಾಕುವುದಕ್ಕಿಂತ ದೊಡ್ಡ ಸರ್ಕಸ್ಸು. ಅಲ್ಲಿಗೂ ಎಲಾಸ್ಟಿಕ್ ಹಾಕಿಸಿಬಿಡಿ.

ಎರಡನೆಯ ಉತ್ತರ:

ನನಗಿರುವುದು ಸಂಧಿವಾತ, ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚುವುದಿಲ್ಲ. ವೆಲ್ಕ್ರೋ ಪಟ್ಟಿಯ ಬ್ರಾ ತರಿಸಿದ್ದೆ. ಒಗೆಯುವಾಗ ಮುಚ್ಚದೆ ಹಾಕಿದರೆ ಸೀರೆಯ ಎಳೆಯನ್ನೆಲ್ಲ ಕಿತ್ತುಕೊಂಡು ಬರುತ್ತದೆ, ನೂಲು ತುಂಬಿದ ಮೇಲೆ ಹಿಡಿಯುವುದೂ ಇಲ್ಲ. ಈಗ ಮುಂದೆ ಜಿಪ್ ಇರುವುದನ್ನು ತೊಡುತ್ತೇನೆ. ಅದರ ಹಿಡಿಗೆ ಕೀಲಿಕೈ ಗೊಂಚಲಿನ ಬಳೆ ಸಿಕ್ಕಿಸಿ ಬೆರಳು ತೂರಿಸಿ ಎಳೆಯುತ್ತೇನೆ. ಆಯಸ್ಕಾಂತದ ಗುಂಡಿಯ ಬ್ರಾಗಳೂ ಇವೆ, ಆದರೆ ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಅವುಗಳ ಹತ್ತಿರ ಹೋಗಬಾರದು.

ಮೂರನೆಯ ಉತ್ತರ:

ಪ್ರಶ್ನೆ ಲಕ್ವದ ಬಗ್ಗೆ ಇದ್ದರೂ, ಇದನ್ನು ಓದುವವರಲ್ಲಿ ಗಾಲಿಕುರ್ಚಿ ಬಳಸುವವರೂ ಇರಬಹುದೆಂದು ಬರೆಯುತ್ತಿದ್ದೇನೆ. ಬೆನ್ನುಹುರಿಗೆ ಪೆಟ್ಟಾಗಿ ನನಗೆ ಎದೆಯಿಂದ ಕೆಳಗೆ ಸ್ಪರ್ಶಜ್ಞಾನವಿಲ್ಲ. ಬ್ರಾದ ಹುಕ್ಕು ಬೆನ್ನಿಗೂ ಕುರ್ಚಿಗೂ ನಡುವೆ ಸಿಕ್ಕಿ ಒತ್ತುತ್ತಿದ್ದುದು ನನಗೆ ಗೊತ್ತೇ ಆಗಲಿಲ್ಲ. ಸ್ನಾನ ಮಾಡಿಸುವಾಗ ಅಕ್ಕ ಕೆಂಪು ಗುರುತನ್ನು ಕಂಡಳು. ಅಂದಿನಿಂದ ಹಿಂದೆ ಹೊಲಿಗೆಯ ಗಂಟೂ ಇಲ್ಲದ, ಮುಂದೆ ತೆರೆಯುವ ಹತ್ತಿಯ ಬ್ರಾ ಮಾತ್ರ ತೊಡುತ್ತೇನೆ. ಅಳತೆಯನ್ನು ಕುಳಿತೇ ಕೊಡುತ್ತೇನೆ, ಏಕೆಂದರೆ ಕುಳಿತಾಗ ಪಕ್ಕೆಯ ಸುತ್ತಳತೆ ಹೆಚ್ಚುತ್ತದೆ. ಬೆನ್ನುಹುರಿಯ ಪೆಟ್ಟು ಎದೆಭಾಗದ ಬೆನ್ನೆಲುಬಿನ ಆರನೆಯ ಮೂಳೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇರುವವರಿಗೆ ಬಿಗಿಯಾದ ಉಡುಪೇ ರಕ್ತದೊತ್ತಡವನ್ನು ಹಠಾತ್ತನೆ ಏರಿಸಬಹುದು. ತಲೆ ಸಿಡಿಯುವಂತಾಗಿ ಮುಖ ಬೆವರಿದರೆ ಕೂಡಲೇ ನೆಟ್ಟಗೆ ಕೂರಿಸಿ ಬಿಗಿಯಾದದ್ದನ್ನೆಲ್ಲ ಸಡಿಲಿಸಬೇಕು. ಕಾರಣ ಸಿಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯ ಉತ್ತರ, ಹುಬ್ಬಳ್ಳಿಯಿಂದ:

ನಾನು ಟೈಲರ್. ತಾಯಿಯವರಿಗೆ ಬ್ರಾವೇ ಬೇಕೆಂದೇನೂ ಇಲ್ಲ. ನಮ್ಮ ಕಡೆಯ ಅಜ್ಜಿಯಂದಿರು ಖಣದ ಕುಬಸವನ್ನು ಮುಂದೆ ಗಂಟು ಹಾಕಿಕೊಂಡೇ ಆಯುಷ್ಯ ಕಳೆದರು, ಒಳಗೆ ಬಾಡಿ ಹಾಕಿದವರಲ್ಲ. ಈಗ ರವಿಕೆಗೇ ಒಳಗೆ ಕಪ್ಪು ಹೊಲಿಯುತ್ತೇವೆ. ಎರಡು ಉಡುಪಿನ ಕೆಲಸ ಒಂದರಲ್ಲೇ ಮುಗಿಯುತ್ತದೆ. ಹೊರಗೆ ಹುಕ್ಕಿನ ಸಾಲು ನೋಡುವುದಕ್ಕಷ್ಟೇ ಇರಲಿ, ಒಳಗೆ ದೊಡ್ಡ ಪ್ರೆಸ್ ಬಟನ್ ಹಾಕಿಸಿ. ಅಂಗೈಯಿಂದ ಎದೆಗೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಸ್ವಾಧೀನವಿಲ್ಲದ ಕೈಯ ಕಡೆ ಕಂಕುಳನ್ನು ಸ್ವಲ್ಪ ಸಡಿಲ ಬಿಡಿಸಿ, ತೋಳಿನ ಹೊಲಿಗೆಯೂ ಅಷ್ಟೇ. ಒಳಪದರ ಹತ್ತಿಯದೇ ಇರಲಿ, ಬೇಸಿಗೆಯಲ್ಲಿ ಎದೆಯ ಕೆಳಗೆ ಬೆವರು ನಿಂತು ಹುಣ್ಣಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ:

ಎಲ್ಲರಿಗೂ ನಮಸ್ಕಾರ. ಕ್ಲಿಪ್ಪಿನ ರೀತಿಯನ್ನು ಮೊದಲು ನಾನೇ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅಭ್ಯಾಸ ಮಾಡಿ, ಆಮೇಲೆ ಅಮ್ಮನಿಗೆ ತೋರಿಸಿದೆ. ಮೊದಲ ದಿನ ಪಟ್ಟಿ ತಿರುಚಿಕೊಂಡು ಅರ್ಧ ಗಂಟೆ ಹಿಡಿಯಿತು, ಸಿಟ್ಟಿನಿಂದ ಬಿಸಾಡಿಬಿಟ್ಟರು. ಈಗ ಹತ್ತು ನಿಮಿಷದೊಳಗೆ ಮುಗಿಯುತ್ತದೆ, ಬಾಗಿಲು ಹಾಕಿಕೊಂಡು ಒಬ್ಬರೇ ಮಾಡಿಕೊಳ್ಳುತ್ತಾರೆ. ಮದುವೆ ಮನೆಗಳಿಗೆಂದು ಕಪ್ಪು ಹೊಲಿದ ರವಿಕೆ ಒಂದನ್ನು ಹೊಲಿಯಲು ಕೊಟ್ಟಿದ್ದೇವೆ. ನೀಲಿ ಕ್ಲಿಪ್ಪೊಂದನ್ನು ಅಮ್ಮ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ನಿನ್ನೆ ಅತ್ತಿಗೆ ಅದನ್ನು ಟವೆಲ್ಲಿಗೆ ಹಾಕಿದ್ದಕ್ಕೆ ಮನೆಯವರೆಲ್ಲರಿಗೂ ಬೈಗುಳವಾಯಿತು.